ಕಲ್ಲು ತಾನೇ ಎನ್ನುವವರಿಗೆ

ಕಳೆದ ಆಷಾಢದಲ್ಲಿ ಶಿವಮೊಗ್ಗಕ್ಕೆ ಹೋಗಿದ್ದಾಗ ಹಳೆಯ ಶಿಷ್ಯನೊಬ್ಬ ಬಲವಂತ ಮಾಡಿ ತನ್ನ ಹೊಸ ಮನೆಗೆ ಕರೆದೊಯ್ದ. ನಡುಮನೆಯ ಈಶಾನ್ಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ಮೀನುತೊಟ್ಟಿ. ತಳದಲ್ಲಿ ಕೆಂಪು, ನೀಲಿ, ಹಸಿರು ಬಣ್ಣ ಬಳಿದ ಹರಳುಗಳು. ಅವುಗಳ ಮೇಲೆ, ಮನೆಯ ನೆಲಕ್ಕೆ ಹಾಸಿ ಉಳಿದ ಶಹಾಬಾದ್ ಕಲ್ಲಿನ ತುಂಡುಗಳಿಂದ ಕಟ್ಟಿದ ಒಂದು ಗುಹೆ. ಪಕ್ಕದಲ್ಲಿ ಅಮೃತಶಿಲೆಯ ಬಿಳಿ ಚೂರುಗಳು. ಎಲ್ಲಕ್ಕೂ ಕಿರೀಟವಿಟ್ಟಂತೆ, ಯಾರೋ ರಾಮೇಶ್ವರದಿಂದ ತಂದುಕೊಟ್ಟ ಹವಳದ ಒಂದು ಕವಲು. ನೋಡುವುದಕ್ಕೆ ಸೊಗಸಾಗಿಯೇ ಇತ್ತು. ಮೀನುಗಳು ಮಾತ್ರ ಮೂರೇ ಇದ್ದವು.

"ಮೂರು ತಿಂಗಳ ಹಿಂದೆ ಹನ್ನೆರಡು ನಿಯಾನ್ ಟೆಟ್ರಾ ತಂದಿದ್ದೆವು ಸಾರ್. ಒಂದೊಂದೇ ಹೋದವು," ಎಂದ. ಒಳಗಿನಿಂದ ಕಾಫಿ ತಂದ ಅವನ ತಾಯಿ ನನ್ನನ್ನು ಸಮಾಧಾನಪಡಿಸುವವರಂತೆ, "ಮನೆಗೆ ಬರುವ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಂಡು ಹೋಗುತ್ತದಂತೆ ಮೇಷ್ಟ್ರೇ. ಅಂಗಡಿಯವರೂ ಅದನ್ನೇ ಹೇಳಿದರು. ಒಳ್ಳೆಯದೇ ಆಯಿತು ಬಿಡಿ," ಎಂದರು. ಮೂರು ತಿಂಗಳಲ್ಲಿ ಒಂಬತ್ತು ಕಂಟಕಗಳು ಹುಡುಕಿಕೊಂಡು ಬರುವಂಥ ಮನೆಯಲ್ಲಿ ಕಾಫಿ ಕುಡಿಯುವುದಕ್ಕೂ ಹೆದರಬೇಕಾಗಿತ್ತು. ಕುಡಿದೆ. ಆಮೇಲೆ ಶಿಷ್ಯನನ್ನು ಕೇಳಿದೆ: "ಈ ಕಲ್ಲುಗಳು ಯಾವ ಜಾತಿಯವು ಎಂದು ಯೋಚಿಸಿದ್ದೀಯೇನಯ್ಯ?"

"ಕಲ್ಲು ತಾನೇ ಸಾರ್? ಕುದಿಸಿಯೇ ಹಾಕಿದ್ದೇನೆ. ವಿನೆಗರ್ ಕೂಡ ಬಿಟ್ಟು ನೋಡಿದೆ, ಏನೂ ಆಗಲಿಲ್ಲ."

ಈ 'ಕಲ್ಲು ತಾನೇ' ಎಂಬ ಎರಡು ಪದಗಳ ವಿರುದ್ಧ ನಾನು ಇಂದು ಬರೆಯುತ್ತಿದ್ದೇನೆ. ಮೀನು ಸಾಕುವವರು ಮೀನಿನ ಜಾತಿ ಕೇಳುತ್ತಾರೆ, ಆಹಾರದ ಬೆಲೆ ಕೇಳುತ್ತಾರೆ, ಗಾಳಿ ಊದುವ ಯಂತ್ರ ಎಷ್ಟು ವ್ಯಾಟಿನದೆಂದು ಕೇಳುತ್ತಾರೆ. ತೊಟ್ಟಿಯಲ್ಲಿ ಹಗಲಿರುಳು ನೀರಿನೊಡನೆ ವ್ಯವಹರಿಸುತ್ತ ಬಿದ್ದಿರುವ ಕಲ್ಲನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದು ಜಡವಸ್ತು, ಅದರಿಂದೇನಾಗಬೇಕು ಎಂಬ ಭಾವನೆ. ಮೀನು ಸತ್ತರೆ ದೃಷ್ಟಿ ತಗುಲಿತೆನ್ನುವುದಕ್ಕೂ ಸಿದ್ಧರು, ಕಂಟಕ ಕಳೆಯಿತೆನ್ನುವುದಕ್ಕೂ ಸಿದ್ಧರು. ಸತ್ತ ಮೀನನ್ನು ಪುಣ್ಯದ ಲೆಕ್ಕಕ್ಕೆ ಜಮಾ ಮಾಡಿಕೊಂಡ ಮೇಲೆ ಕಾರಣವನ್ನು ಹುಡುಕುವ ಅಗತ್ಯ ಯಾರಿಗಿರುತ್ತದೆ? ಅಂಗಡಿಯವನಂತೂ ಮತ್ತೊಂದು ಡಜನ್ ಮೀನು ಮಾರುತ್ತಾನೆ.

ನನ್ನ ಶಿಷ್ಯನನ್ನು ಹಂಗಿಸುವ ಅಧಿಕಾರ ನನಗೆ ಎಷ್ಟರಮಟ್ಟಿಗೆ ಇದೆಯೆಂಬುದನ್ನೂ ಹೇಳಿಬಿಡಬೇಕು. ಅಮೃತಶಿಲೆಯ ಚೂರುಗಳ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿದರೆ ಕಾರ್ಬನ್ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಅದು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ ಎಂದು ಅವನಿಗೆ ಕಲಿಸಿದವನು ನಾನೇ. ಆ ಪ್ರಯೋಗದ ಚಿತ್ರವನ್ನು ಅವನು ಅಂದವಾಗಿ ಬರೆದು, ಭಾಗಗಳನ್ನು ಗುರುತಿಸಿ, ಪೂರ್ಣ ಅಂಕ ಪಡೆದಿದ್ದ. ಕೊಟ್ಟವನೂ ನಾನೇ. ಪುಸ್ತಕದ ಆ ಅಮೃತಶಿಲೆಯೂ ತೊಟ್ಟಿಯ ಈ ಅಮೃತಶಿಲೆಯೂ ಒಂದೇ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆಯುವಂತೆ ನಾನು ಕಲಿಸಿರಲಿಲ್ಲ. ಏಕೆಂದರೆ ಒಂದು ಕಾಲದಲ್ಲಿ ನನಗೂ ಹೊಳೆದಿರಲಿಲ್ಲ.

1988ರಲ್ಲಿ ನಾನು ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ವಿಜ್ಞಾನದ ಕೊಠಡಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ಪುಟ್ಟಿ ಮೆತ್ತಿದ ಹಳೆಯ ಕಾಲದ ತೊಟ್ಟಿಯೊಂದಿತ್ತು. ಹುಡುಗರು ಹಳ್ಳದಿಂದ ಸಣ್ಣ ಮೀನುಗಳನ್ನು ಪಂಚೆಯಲ್ಲಿ ಹಿಡಿದು ತಂದರು. ಶಾಲೆಯ ಬಾವಿಯ ನೀರನ್ನೇ ತುಂಬಿದೆವು. ತಳ ಬೋಳಾಗಿ ಕಾಣುತ್ತದೆಂದು ನಾನು ಪ್ರಯೋಗಾಲಯದ ಕಪಾಟಿನಿಂದ ಅಮೃತಶಿಲೆಯ ಚೂರುಗಳ ಬಾಟಲಿಯನ್ನು ತೆಗೆದು, ಅಷ್ಟನ್ನೂ ನನ್ನ ಕೈಯಾರೆ ತೊಟ್ಟಿಗೆ ಸುರಿದೆ. ಬಾಟಲಿಯ ಮೇಲೆ 'ಕ್ಯಾಲ್ಸಿಯಂ ಕಾರ್ಬೊನೇಟ್' ಎಂದು ಬರೆದಿದ್ದ ಅಕ್ಷರವೂ ನನ್ನದೇ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಮೀನುಗಳಿಗೆ ಮಂಡಕ್ಕಿಯ ಪುಡಿ ಹಾಕುವ ಕೆಲಸ ವಹಿಸಿದೆ. ಬಡವರ ಮನೆಯ ಹುಡುಗ, ಮಾತು ಕಡಿಮೆ. ಮೂರನೆಯ ವಾರ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ನಾಲ್ಕೈದು ದಿನಗಳಲ್ಲಿ ಎಲ್ಲವೂ ಸತ್ತವು. ನಾನು ಅವನನ್ನು ಇಡೀ ತರಗತಿಯ ಎದುರಿಗೆ ನಿಲ್ಲಿಸಿ, ಅತಿಯಾಗಿ ತಿನ್ನಿಸಿ ಕೊಂದೆಯಲ್ಲ ಎಂದು ಬೈದೆ. ಅಂದಿನಿಂದ ಉಳಿದ ಹುಡುಗರು ಅವನನ್ನು 'ಮೀನು ಕೊಂದವ' ಎಂದೇ ಕರೆದರು. ಅದನ್ನು ಕೇಳಿಯೂ ಕೇಳದವನಂತೆ ನಾನು ಇದ್ದುಬಿಟ್ಟೆ.

ಮುಂದಿನ ವರ್ಷ ಅದೇ ತೊಟ್ಟಿ, ಅದೇ ಚೂರುಗಳು, ಹೊಸ ಮೀನುಗಳು. ಈ ಸಲ ಆಹಾರವನ್ನು ನಾನೇ ಹಾಕಿದೆ, ಚಿಟಿಕೆಯಷ್ಟು. ಆಗಲೂ ಸತ್ತವು. ಅನಂತರವೇ ನಾನು ಮಾಡಬೇಕಾದ ಮೊದಲ ಕೆಲಸವನ್ನು ಮಾಡಿದೆ. ಪಿಎಚ್ ಕಾಗದದ ಒಂದು ಪಟ್ಟಿಯನ್ನು ಬಾವಿಯ ನೀರಿಗೂ ಇನ್ನೊಂದನ್ನು ತೊಟ್ಟಿಯ ನೀರಿಗೂ ಅದ್ದಿದೆ. ಬಾವಿಯದು ಆರೂವರೆಯ ಬಣ್ಣ, ತೊಟ್ಟಿಯದು ಎಂಟನ್ನು ದಾಟಿದ ಬಣ್ಣ. ಆ ವೇಳೆಗೆ ಆ ಹುಡುಗ ಶಾಲೆ ಬಿಟ್ಟಿದ್ದ. ಅವನು ಎಲ್ಲಿದ್ದಾನೋ ತಿಳಿಯದು. ಈ ಮಾತನ್ನು ಅವನಿಗೆ ಹೇಳುವ ಸಂದರ್ಭ ನನಗೆ ಒದಗಲಿಲ್ಲ.

ಅಲ್ಲಿ ನಡೆದದ್ದೇನು? ಮೀನು ಉಸಿರಾಡಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ದುರ್ಬಲವಾದ ಕಾರ್ಬೊನಿಕ್ ಆಮ್ಲವಾಗುತ್ತದೆ. ಆ ಆಮ್ಲ ಅಮೃತಶಿಲೆಯನ್ನೋ ಸುಣ್ಣಕಲ್ಲನ್ನೋ ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ, ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿಗೆ ಸೇರುತ್ತದೆ. ಯಾಣದ ಆ ಭೀಮಗಾತ್ರದ ಕಪ್ಪು ಸುಣ್ಣಕಲ್ಲಿನ ಶಿಖರಗಳನ್ನು ಮಳೆನೀರು ಕೊರೆದು ಕಡೆದದ್ದೂ ಇದೇ ಕ್ರಿಯೆಯಿಂದ. ಯಾಣದಲ್ಲಿ ಯುಗಗಳು ಹಿಡಿದದ್ದು ತೊಟ್ಟಿಯಲ್ಲಿ ವಾರಗಳಲ್ಲಿ ಗೊತ್ತಾಗುವಷ್ಟು ಆಗುತ್ತದೆ, ಏಕೆಂದರೆ ಅಲ್ಲಿ ನೀರು ಕೇವಲ ಐವತ್ತು ಚಿಲ್ಲರೆ ಲೀಟರು. ಮೆದುವಾಗಿದ್ದ ನೀರು ಗಡಸಾಗುತ್ತದೆ, ಪಿಎಚ್ ಎಂಟರ ಆಚೆಗೆ ಸರಿಯುತ್ತದೆ. ಗಡಸುತನ ತಾನಾಗಿ ವಿಷವಲ್ಲ. ಅಪಾಯವಿರುವುದು ಅಮೋನಿಯದಲ್ಲಿ. ಮೀನಿನ ವಿಸರ್ಜನೆಯಿಂದ, ಉಳಿದು ಕೊಳೆತ ಆಹಾರದಿಂದ ನೀರಿನಲ್ಲಿ ಅಮೋನಿಯ ಹುಟ್ಟುತ್ತಲೇ ಇರುತ್ತದೆ. ಅದರಲ್ಲಿ ಎರಡು ರೂಪಗಳು. ಒಂದು ಅಷ್ಟೇನೂ ಅಪಾಯಕಾರಿಯಲ್ಲದ ಅಮೋನಿಯಂ ಅಯಾನು, ಇನ್ನೊಂದು ಕಿವಿರುಗಳನ್ನು ಸುಡುವ ಅಮೋನಿಯ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ವಿಷರೂಪದ ಪಾಲು ಸಾವಿರಕ್ಕೆ ಆರರಷ್ಟು. ಪಿಎಚ್ 8 ಆದರೆ ನೂರಕ್ಕೆ ಐದರಷ್ಟು. ಅದೇ ಕೊಳೆ, ಅದೇ ಮಂಡಕ್ಕಿ ಪುಡಿ, ವಿಷ ಮಾತ್ರ ಸುಮಾರು ಒಂಬತ್ತು ಪಟ್ಟು! ಹುಡುಗ ಎರಡು ಚಿಟಿಕೆ ಹೆಚ್ಚು ಹಾಕಿರಬಹುದು. ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳು ನೆಲೆಗೊಂಡಿರಲಿಲ್ಲ ಎಂಬುದೂ ನಿಜ. ಕಲ್ಲೊಂದೇ ಕಾರಣವೆಂದು ನಾನು ವಾದಿಸಲಾರೆ. ಆದರೆ ಅವನ ಕೈತಪ್ಪನ್ನು ಮರಣದಂಡನೆಯಾಗಿ ಮಾರ್ಪಡಿಸಿದ್ದು ನನ್ನ ಬಾಟಲಿ.

ಇನ್ನು ನನ್ನ ಶಿಷ್ಯ ಹೇಳಿದ ಎರಡು ಪರೀಕ್ಷೆಗಳ ವಿಷಯ. ಇವು ಅಜ್ಞಾನಕ್ಕಿಂತ ಅಪಾಯಕಾರಿ, ಏಕೆಂದರೆ ಇವನ್ನು ಮಾಡಿದವನು ನೆಮ್ಮದಿಯಿಂದ ನಿದ್ರಿಸುತ್ತಾನೆ.

ವಿನೆಗರ್ ಎಂಬುದು ನೂರಕ್ಕೆ ನಾಲ್ಕೈದು ಪಾಲಿನ ಅಸಿಟಿಕ್ ಆಮ್ಲ. ಅದು ದುರ್ಬಲ ಆಮ್ಲ. ಸುಣ್ಣಕಲ್ಲಿನ ಹೊಸದಾಗಿ ಒಡೆದ ಮುಖದ ಮೇಲೆ ಅದರಿಂದ ಸಣ್ಣ ಗುಳ್ಳೆಗಳೇಳುತ್ತವೆ, ಕಣ್ಣಿಟ್ಟು ನೋಡಿದರೆ ಕಾಣುತ್ತವೆ. ನನ್ನ ಶಿಷ್ಯ ಅದನ್ನು ಬಿಟ್ಟದ್ದು ಪಾಲಿಷ್ ಮಾಡಿ ಮೇಣ ಉಜ್ಜಿದ ಶಹಾಬಾದ್ ಕಲ್ಲಿನ ಮೇಲ್ಮೈಗೆ! ಆಮ್ಲ ಕಲ್ಲನ್ನು ಮುಟ್ಟಲೇ ಇಲ್ಲ. ಶಹಾಬಾದ್ ಕಲ್ಲು ಅಪ್ಪಟ ಸುಣ್ಣಕಲ್ಲು. ಶಹಾಬಾದ್, ವಾಡಿ ಸೀಮೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಯೂರಿದ್ದೇ ಅದಕ್ಕಾಗಿ. ಕರಿ ಕಡಪ ಕಲ್ಲೂ ಸುಣ್ಣಕಲ್ಲೇ. ಇನ್ನು ಡೋಲೊಮೈಟ್ ಎಂಬ ಅದರ ದಾಯಾದಿ ಇದೆ. ಅದು ತಣ್ಣಗಿನ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೇ ಸರಿಯಾಗಿ ಮಿಸುಕುವುದಿಲ್ಲ, ಗೀರಿ ಪುಡಿ ಮಾಡಿದರೆ ಮಾತ್ರ ಗುಳ್ಳೆಯಾಡುತ್ತದೆ. ವಿನೆಗರ್ ಅದರ ಮುಂದೆ ಎಲ್ಲಿಯದು? ಲೋಹಗಳ ವಿಷಯದಲ್ಲಂತೂ ವಿನೆಗರ್‌ ಮೂಕ. ತಾಮ್ರದ ಅದಿರಿನ ಹಸಿರು ಹರಳೊಂದನ್ನು ಇಂಗಳದಾಳದ ಗಣಿಯ ಬಳಿಯಿಂದ ಚೆಂದವೆಂದು ಆರಿಸಿ ತಂದರೆ, ಅದರಿಂದ ಬಿಡುಗಡೆಯಾಗುವ ತಾಮ್ರ ಸೀಗಡಿ, ಬಸವನಹುಳುಗಳನ್ನು ಮೊದಲು ಕೊಲ್ಲುತ್ತದೆ, ಆಮೇಲೆ ಮೀನನ್ನು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿಯ ಸೈನೈಡ್ ದಿಬ್ಬಗಳು ಹಾಗೆಯೇ ನಿಂತಿವೆ. ಅಂಥ ಕಡೆಯ ಕಲ್ಲು ಎಷ್ಟೇ ಹೊಳೆಯಲಿ, ಮನೆಯ ಹೊಸ್ತಿಲು ದಾಟಬಾರದು.

ಕುದಿಸುವುದು ಇದಕ್ಕಿಂತಲೂ ಕೆಟ್ಟದ್ದು. ಕುದಿಸಿದರೆ ಸುಣ್ಣಕಲ್ಲು ಗ್ರಾನೈಟ್ ಆಗಿಬಿಡುವುದಿಲ್ಲ. ತಾಮ್ರ ಆವಿಯಾಗಿ ಹೋಗುವುದಿಲ್ಲ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ, ಬಿರುಕುಗಳಲ್ಲಿ ಸೇರಿಕೊಂಡ ನೀರು ಕಾದು ಹಿಗ್ಗಿದರೆ, ಹೊರಬರಲು ದಾರಿಯಿಲ್ಲದೆ ಕಲ್ಲು ಒಡೆದು ಸಿಡಿಯಬಹುದು. ಒಲೆಯ ಮುಂದೆ ನಿಂತವರ ಕಣ್ಣಿಗೆ ಆ ಚೂರು ತಗುಲಿದರೆ ಮೀನಿನ ಮಾತು ಹಾಗಿರಲಿ, ಆಸ್ಪತ್ರೆಯ ಮಾತಾಗುತ್ತದೆ. ಕ್ರಿಮಿಗಳಿಗಾಗಿ ಇಷ್ಟು ಸಾಹಸ ಏಕೆ? ತೆಂಗಿನ ನಾರಿನಿಂದಲೋ ಗಟ್ಟಿ ಬ್ರಷ್ಷಿನಿಂದಲೋ ಉಜ್ಜಿ, ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ನಾಲ್ಕಾರು ಸಲ ತೊಳೆದು, ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿದರೆ ಸಾಕು. ಸಾಬೂನು, ಪಾತ್ರೆ ತೊಳೆಯುವ ಪುಡಿ ಇವು ಬೇಡವೇ ಬೇಡ. ಅವುಗಳ ಅಂಶ ರಂಧ್ರಗಳಲ್ಲಿ ಉಳಿದು ಮೀನಿನ ಕಿವಿರಿಗೆ ಮಾರಕವಾಗುತ್ತದೆ.

ಮಲೆನಾಡಿನವರು ಇಲ್ಲಿ ನನ್ನನ್ನು ತಡೆದು ಕೇಳುವುದುಂಟು: "ನಮ್ಮ ಹೊಳೆಯಲ್ಲಿ ಮೀನಿರುವ ಕಡೆಯ ಕಲ್ಲನ್ನೇ ತಂದರೆ ಏನು ತೊಂದರೆ?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹೊಳೆಯಲ್ಲಿ ಈ ಗಳಿಗೆ ಕಲ್ಲನ್ನು ಮುಟ್ಟಿದ ನೀರು ಮರುಗಳಿಗೆ ಹರಿದು ಹೋಗಿರುತ್ತದೆ. ತೊಟ್ಟಿಯಲ್ಲಿ ಅದೇ ನೀರು ಅದೇ ಕಲ್ಲನ್ನು ವಾರಗಟ್ಟಲೆ ನೆಕ್ಕುತ್ತಿರುತ್ತದೆ. ಇನ್ನೊಂದು ಸಂಗತಿ ಅಡಿಕೆ ಬೆಳೆಗಾರರಿಗೆ ಹೇಳದೆಯೇ ತಿಳಿದಿರಬೇಕು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮರದಿಂದ ತೊಟ್ಟಿಕ್ಕಿದ್ದು ತೋಟದ ಕಪ್ಪಿನ ಕಲ್ಲುಗಳ ಮೇಲೆ ವರ್ಷವರ್ಷವೂ ಕೂತಿರುತ್ತದೆ. ಮೀನಿಗೆ ಆಗದ ಎರಡನ್ನೂ ನಾವೇ ಬೆರೆಸಿ ಬಳಿದ ಆ ಕಲ್ಲನ್ನು 'ನೈಸರ್ಗಿಕ' ಎಂದು ಹೊತ್ತು ತರುತ್ತೇವೆ! ಅಷ್ಟಕ್ಕೂ ಹೊಳೆಯ ಒಂದೊಂದು ಕಲ್ಲಿನ ಅಡಿಯೂ ಯಾವುದೋ ಹುಳುವಿನ, ಮೀನಿನ ಮರಿಯ ಮನೆ. ನಿಮ್ಮ ಮನೆಯ ಅಂದಕ್ಕೆ ಅವುಗಳ ಸೂರು ಕೀಳುವುದೇಕೆ?

ಹಾಗಾದರೆ ಯಾವ ಕಲ್ಲು? ನಾವು ಪುಣ್ಯವಂತರು. ದಕ್ಷಿಣ ಕರ್ನಾಟಕ ಬಹುಮಟ್ಟಿಗೆ ಗ್ರಾನೈಟು ಮತ್ತು ನೈಸ್ ಶಿಲೆಗಳ ಮೇಲೆಯೇ ಕೂತಿದೆ. ಲಾಲ್‌ಬಾಗಿನ ಬಂಡೆಯನ್ನು ನೋಡಿದ್ದೀರಲ್ಲ, ಸುಮಾರು 300 ಕೋಟಿ ವರ್ಷಗಳ ಬಿಸಿಲುಮಳೆಗೆ ಕರಗದೆ ನಿಂತ ಜಾತಿಯದು. ಅದನ್ನು ಒಡೆದು ತರಬೇಕಾಗಿಲ್ಲ. ಮನೆ ಕಟ್ಟುವ ಜಾಗಗಳಲ್ಲಿ, ಕಲ್ಲುಕುಟಿಗರ ಅಂಗಳದಲ್ಲಿ ಅಂಥದೇ ಗ್ರಾನೈಟಿನ ಚೂರುಗಳು ಬಿದ್ದಿರುತ್ತವೆ, ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬೆಣಚುಕಲ್ಲು ಇನ್ನೂ ಒಳ್ಳೆಯದು. ಕರಾವಳಿಯ ಮುರಕಲ್ಲಿನಿಂದ ಸುಣ್ಣದ ಭಯವಿಲ್ಲ, ಆದರೆ ಅದು ಪುಡಿಪುಡಿಯಾಗಿ ನೀರನ್ನು ಕೆಂಪಾಗಿಸುತ್ತದೆ. ಬಳಪದ ಕಲ್ಲು ಮೆದು, ಕೆಲವದರಲ್ಲಿ ಕಾರ್ಬೊನೇಟ್ ಬೆರೆತಿರುತ್ತದೆ. ಬೇಲೂರಿನಲ್ಲಿ ನೋಡಿ ಸಂತೋಷಪಡೋಣ. ಬಣ್ಣ ಬಳಿದ ಹರಳುಗಳನ್ನು ಬಿಳಿ ಬಕೆಟ್ಟಿನಲ್ಲಿ ವಾರ ನೆನೆಸಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಅಂಗಡಿಯವನಿಗೇ ಹಿಂದಿರುಗಿಸಿ.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಕಲ್ಲನ್ನು ಮೊಳೆಯಿಂದ ಗೀರಿ, ಬಂದ ಪುಡಿಯ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಮಕ್ಕಳ ಕೈಗೆ ಕೊಡಬೇಡಿ. ನಿಮ್ಮ ಊರಿನ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರ ಬಳಿಗೆ ಕಲ್ಲನ್ನೇ ತೆಗೆದುಕೊಂಡು ಹೋಗಿ. ಒಂದು ಹನಿಗೆ ಯಾವ ಮೇಷ್ಟ್ರೂ ಇಲ್ಲವೆನ್ನುವುದಿಲ್ಲ, ಅವರಿಗೂ ಆ ದಿನದ ಪಾಠಕ್ಕೆ ಒಂದು ವಸ್ತು ಸಿಕ್ಕಂತಾಗುತ್ತದೆ. ಲೋಹದ ಹೊಳಪು, ಹಸಿರು ಅಥವಾ ನೀಲಿಯ ಕಲೆ, ತುಕ್ಕಿನ ಗೆರೆ ಕಂಡ ಕಲ್ಲನ್ನು ಪರೀಕ್ಷೆಯೂ ಇಲ್ಲದೆ ಆಚೆಗೆಸೆಯಿರಿ. ಅನುಮಾನವಿದ್ದರೆ ಟೈಲ್ಸ್ ಚೂರಿನ ಹಿಂಬದಿಯ ಹೊಳಪಿಲ್ಲದ ಭಾಗಕ್ಕೆ ಉಜ್ಜಿ. ಚಿನ್ನದಂತೆ ಹೊಳೆಯುವ ಪೈರೈಟ್ ಅಲ್ಲಿ ಹಸಿರುಗಪ್ಪು ಗೆರೆ ಎಳೆದು ತನ್ನ ಬಣ್ಣ ತಾನೇ ಬಯಲು ಮಾಡುತ್ತದೆ.

ಕೊನೆಗೆ ಬಕೆಟ್ಟಿನ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ಏಕೆಂದರೆ ಎರಡು ವಾರ ಕಾಯಬೇಕು. ಎರಡು ಬಕೆಟ್ಟುಗಳಲ್ಲಿ ಒಂದೇ ಮೂಲದ ನೀರು, ಮಳೆನೀರಾದರೆ ಉತ್ತಮ. ಒಂದಕ್ಕೆ ಕಲ್ಲು, ಇನ್ನೊಂದು ಹೋಲಿಕೆಗಾಗಿ ಖಾಲಿ. ಈ ಎರಡನೆಯದನ್ನು ಬಿಡಬೇಡಿ. ಸುಮ್ಮನೆ ಇಟ್ಟ ನೀರಿನ ಪಿಎಚ್ ಕೂಡ ತಾನಾಗಿಯೇ ಅಷ್ಟಿಷ್ಟು ಬದಲಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಮೋಸಹೋಗುತ್ತೀರಿ. ಅದು ಆಗಲೇ ಸುಣ್ಣದಿಂದ ಹೊಟ್ಟೆ ತುಂಬಿಸಿಕೊಂಡಿರುವುದರಿಂದ ಕಲ್ಲನ್ನು ಅಷ್ಟಾಗಿ ತಿನ್ನುವುದಿಲ್ಲ. ಹದಿನಾಲ್ಕನೆಯ ದಿನ ಎರಡರಿಂದಲೂ ಒಂದೊಂದು ಲೋಟ ನೀರು ತೆಗೆದು, ಪಿಎಚ್ ಕಾಗದ ಇಲ್ಲದಿದ್ದರೆ ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಲುಗಿಸಿ. ಎಷ್ಟು ಹನಿಗೆ ನೊರೆ ನಿಲ್ಲುತ್ತದೆ ಎಂದು ಎಣಿಸಿ. ಗಡಸು ನೀರು, ಮೆದು ನೀರು ಎಂಬ ಪಾಠದಲ್ಲಿ ನೀವೆಲ್ಲ ಬಾಯಿಪಾಠ ಮಾಡಿದ್ದೇ ಇದು.

ಸುಣ್ಣಕಲ್ಲು ಎಲ್ಲರಿಗೂ ಶತ್ರುವೆಂದು ನಾನು ಹೇಳುತ್ತಿಲ್ಲ. ಆಫ್ರಿಕದ ಮಲಾವಿ, ಟಾಂಗನೀಕಾ ಸರೋವರಗಳ ಸಿಕ್ಲಿಡ್‌ಗಳಿಗೆ ಗಡಸು ನೀರೇ ಬೇಕು. ಗಪ್ಪಿ, ಮೋಲಿಗಳೂ ಅದರಲ್ಲಿ ಸುಖವಾಗಿರುತ್ತವೆ. ಅವುಗಳಿಗಾಗಿ ತಿಳಿದು ಹಾಕುವವನ ಮೇಲೆ ನನ್ನ ತಕರಾರಿಲ್ಲ. ಆದರೆ ನಿಯಾನ್ ಟೆಟ್ರಾ ಅಮೆಜಾನಿನ ಮೆದುವಾದ, ಆಮ್ಲೀಯವಾದ ನೀರಿನ ಮೀನು. ಗಂಗಾ ಸ್ನಾನ, ತುಂಗಾ ಪಾನ ಎಂದು ಕೊಂಡಾಡುವ ತುಂಗೆಯ ನೀರು ನಲ್ಲಿಯಲ್ಲಿ ಬರುವ ಊರಿನಲ್ಲಿ ಕೂತು, ಅದನ್ನು ಸುಣ್ಣಕಲ್ಲಿನಿಂದ ಕೆಡಿಸಿ ಆ ಮೀನಿಗೆ ಕೊಡುವುದು ಯಾವ ಜಾಣತನ? ಹತ್ತಿಪ್ಪತ್ತು ರೂಪಾಯಿಯ ಮೀನಿಗೆ ಇಷ್ಟೊಂದು ವಿಚಾರಣೆಯೇ ಎನ್ನುವವರೂ ಇದ್ದಾರೆ. ಬೆಲೆ ಕಡಿಮೆಯೆಂದು ಅದಕ್ಕೆ ಉಸಿರುಗಟ್ಟುವುದು ಕಡಿಮೆಯಾಗುತ್ತದೆಯೇ?

ಹವಳದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅದು ಕಲ್ಲೂ ಅಲ್ಲ, ಜೀವಿಗಳು ಕಟ್ಟಿಕೊಂಡ ಸುಣ್ಣದ ಅಸ್ಥಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕೀಳುವಂತಿಲ್ಲ, ಮಾರುವಂತಿಲ್ಲ. ತೀರ್ಥಯಾತ್ರೆಗೆ ಹೋದವರು ಪ್ರಸಾದದ ಜೊತೆಯಲ್ಲಿ ಇದನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ.

ಕಲ್ಲು ಸರಿಯಾದದ್ದೇ ಸಿಕ್ಕಿತೆನ್ನಿ, ಜೋಡಿಸುವಾಗ ಒಂದು ಎಚ್ಚರ. ಗ್ರಾನೈಟು ನೀರಿಗಿಂತ ಎರಡೂಮುಕ್ಕಾಲು ಪಟ್ಟಿನಷ್ಟು ಭಾರ. ದೊಡ್ಡ ಕಲ್ಲನ್ನು ಮರಳಿನ ಮೇಲಿಟ್ಟರೆ ಮೀನು ತೋಡಿತೆಂದರೆ ಉರುಳಿ ಗಾಜು ಒಡೆಯುತ್ತದೆ. ತಳದ ಗಾಜಿಗೆ ತೆಳ್ಳಗಿನ ಥರ್ಮೊಕೋಲ್ ಹಾಸಿ, ಕಲ್ಲನ್ನು ಅದರ ಮೇಲೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಚೂಪಾದ ಅಂಚುಗಳನ್ನು ಉಜ್ಜಿ ಮೊಂಡಾಗಿಸಿ. ಉಬ್ಬುಗಣ್ಣಿನ ಗೋಲ್ಡ್‌ಫಿಷ್ ಇದ್ದರಂತೂ ಮರೆಯಬೇಡಿ.

ಅಂದು ಶಿಷ್ಯನಿಗೆ ಇಷ್ಟೆಲ್ಲ ಹೇಳಿದೆ. ಅವನು ಮೊಬೈಲ್ ನೋಡಿಕೊಳ್ಳುತ್ತ ತಲೆಯಾಡಿಸಿದ. ಆರನೆಯ ತರಗತಿಯಲ್ಲಿ ಓದುವ ಅವನ ಮಗಳು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡಳು. ಶ್ರಾವಣ ಕಳೆಯುವ ಹೊತ್ತಿಗೆ ಅವಳಿಂದಲೇ ಫೋನು ಬಂತು. ಸಜ್ಜದ ಕೆಳಗೆ ಮೂರು ಬಕೆಟ್ ಮಳೆನೀರು ಇಟ್ಟಿದ್ದಳಂತೆ. "ಖಾಲಿ ಬಕೆಟ್ಟಿನ ನೀರಿಗೆ ಮೂರು ಹನಿ ಸಾಬೂನು ಅಜ್ಜಾ, ಬೆಣಚುಕಲ್ಲಿನದಕ್ಕೂ ಮೂರೇ. ಶಹಾಬಾದ್ ಕಲ್ಲಿನದಕ್ಕೆ ಹದಿನೇಳು!" ಆ ತುಂಡುಗಳನ್ನು ಅವಳ ಅಜ್ಜಿ ತುಳಸಿಕಟ್ಟೆಯ ಸುತ್ತ ಹಾಸಿಸಿದ್ದಾರೆ. ತೊಟ್ಟಿಯಲ್ಲಿ ಈಗ ಕಲ್ಲುಕುಟಿಗರ ಅಂಗಳದಿಂದ ತಂದ ಐದು ಗ್ರಾನೈಟ್ ಚೂರುಗಳಿವೆ, ಉಳಿದ ಮೂರು ಮೀನುಗಳೂ ಇವೆ. ಹವಳವನ್ನು ಏನು ಮಾಡಬೇಕೆಂದು ಅವಳ ಅಪ್ಪ ಇನ್ನೂ ಕೇಳಿಲ್ಲ.